ಸುಳಿ ಎಳೆದರೆ ಕೈಗೇ ಬಂತು, ಪಾಮ್ ಉಳಿಯುತ್ತದಾ? (ಆಸ್ಟಿನ್, ಟೆಕ್ಸಾಸ್)

ಹಿತ್ತಿಲಹಸಿರು: ಮೊನ್ನೆಯ ಚಳಿಗೆ ನಮ್ಮ ಪಾಮ್ ಪೂರ್ತಿ ಕಂದು. ಸುಳಿ ಮೆಲ್ಲಗೆ ಎಳೆದರೆ ಕಿತ್ತು ಬಂತು. ಸುಳಿಯ ಬುಡ ಕೊಳೆತು ಹುಳಿ ವಾಸನೆ. ಬಟ್ಟೆ ಹೊದಿಸಿದ್ದೆ, ದೀಪದ ಸರ ಸುತ್ತಿದ್ದೆ! ನರ್ಸರಿಯವರು ಚಳಿ ತಡೆಯುತ್ತದೆ ಅಂತಲೇ ಕೊಟ್ಟಿದ್ದರು. ಕಡಿಸಿಬಿಡಲಾ?

ಮಲೆನಾಡಮಾಣಿ: ಚಳಿಗೆ ಮುಂಚೆ ಗೊಬ್ಬರ ಹಾಕಿದಿರಾ? ನೈಟ್ರೋಜನ್ ಜಾಸ್ತಿಯಾದರೆ ಎಳೆ ಚಿಗುರು ಬರುತ್ತದೆ, ಅದೇ ಮೊದಲು ಸುಡುತ್ತದೆ. ನೂರಕ್ಕೆ ನೂರು ಅದೇ ಕಾರಣ.

ಈಚಲುಪ್ರಿಯ: ಯಾವ ಪಾಮ್? ಎಷ್ಟು ಡಿಗ್ರಿಗೆ ಇಳಿದಿತ್ತು?

ಹಿತ್ತಿಲಹಸಿರು: ತೆಂಗಿನ ಥರ ಗರಿ ಇರುತ್ತದಲ್ಲ, ಎಲ್ಲರ ಮನೆ ಮುಂದೆ ಇರುವುದು. ಫೋನ್‌ನಲ್ಲಿ ಮೈನಸ್ 7 ತೋರಿಸಿತು. ಗೊಬ್ಬರ ಹಾಕಿಲ್ಲ.

ಈಚಲುಪ್ರಿಯ: ಹಾಗಾದರೆ ಕ್ವೀನ್ ಪಾಮ್. 2021ರ ಫೆಬ್ರವರಿಯಲ್ಲಿ ಆಸ್ಟಿನ್ ಮೈನಸ್ 14ರ ಹತ್ತಿರ ಇಳಿದಾಗ ಬೀದಿ ಬೀದಿಯಲ್ಲಿ ಸತ್ತದ್ದು ಇದೇ. ಈಗಲೇ ಕಡಿಸಬೇಡಿ. ಪಾಮ್‌ಗೆ ಬೆಳೆಯುವ ತುದಿ ಒಂದೇ, ಅದು ಸುಳಿಯ ಬುಡಕ್ಕಿಂತ ಕೆಳಗಿರುತ್ತದೆ. ಕೊಳೆತದ್ದನ್ನು ತೆಗೆದು ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಸುರಿಯಿರಿ. ಒಣಗಿದ ಮೇಲೆ ತಾಮ್ರದ ಔಷಧಿ (ಶಿಲೀಂಧ್ರನಾಶಕ). ಹಸಿರು ಉಳಿದ ಗರಿ ಮುಟ್ಟಬೇಡಿ. ಜೂನ್ ತನಕ ಕಾಯಿರಿ.

ಮಲೆನಾಡಮಾಣಿ: ತಾಮ್ರ ಅಂದರೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಅಲ್ವಾ? ಊರಲ್ಲಿ ಅಡಿಕೆಗೆ ಮಳೆಗಾಲದಲ್ಲಿ ಎರಡು ಮೂರು ಸಲ ಹೊಡೆಯುತ್ತೇವೆ. ಇವರೂ ಹಾಗೇ ಹೊಡೆಯಲಿ. ಹುಲ್ಲಿಗೆ ಹಾಕಿದ ಗೊಬ್ಬರವೂ ಬೇರಿಗೆ ಹೋಗಿರುತ್ತದೆ, ವಿಚಾರಿಸಿ.

ಈಚಲುಪ್ರಿಯ: ಗೊಬ್ಬರ ಬಿಡಿ ಮಾರಾಯ್ರೆ. ಅಡಿಕೆ ಗೊನೆಗೆ ಹೊಡೆಯುವುದು ಬೇರೆ. ಸುಳಿಯೊಳಗೆ ಪದೇ ಪದೇ ತಾಮ್ರ ಸುರಿದರೆ ಅದೇ ವಿಷ. ಒಂದೆರಡು ಸಲ ಸಾಕು.

ಡಲ್ಲಾಸ್‌ತೋಟ: ದೀಪ ಎಲ್‌ಇಡಿನಾ? ಅದರಲ್ಲಿ ಬಿಸಿಯೇ ಇರುವುದಿಲ್ಲ. ಬಿಸಿಯಾಗುವ ಹಳೇ ಸಿ9 (ದೊಡ್ಡ ಕ್ರಿಸ್‌ಮಸ್ ಸರದ) ಬಲ್ಬ್ ಬೇಕು. ನಮ್ಮಲ್ಲಿ ವಿಂಡ್‌ಮಿಲ್ ಪಾಮ್, ಮೈನಸ್ 10ಕ್ಕೂ ಏನೂ ಸುತ್ತಿಲ್ಲ. ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ಹಾಕಿದ ಹೀಟರ್ ಇದೆ, ಕರಿಬೇವು ಅಲ್ಲೇ ಹಸಿರಾಗಿದೆ.

ಮಲೆನಾಡಮಾಣಿ: ಹಳೇ ಬಲ್ಬ್ ಬಟ್ಟೆಗೆ ತಾಗಿದರೆ ಬೆಂಕಿ. ಸುಮ್ನೆ ಹೇಳಬೇಡಿ.

ಡಲ್ಲಾಸ್‌ತೋಟ: ಕಾಂಡಕ್ಕೆ ಸುತ್ತಿ, ಬಟ್ಟೆಯನ್ನು ಕೋಲಿನ ಮೇಲೆ ದೂರ ನಿಲ್ಲಿಸಬೇಕು. ಪ್ರತಿ ವರ್ಷ ನಿಂಬೆ ಗಿಡಕ್ಕೆ ಹಾಗೇ ಮಾಡುತ್ತೇನೆ.

ಹಿತ್ತಿಲಹಸಿರು: ಎಲ್‌ಇಡಿನೇ. ಪೆರಾಕ್ಸೈಡ್ ಸುರಿದೆ, ಬುಸುಬುಸು ನೊರೆ ಬಂತು. ಟಾರ್ಚ್ ಬಿಟ್ಟು ನೋಡಿದರೆ ಸುಳಿ ಇದ್ದ ಗುಂಡಿಯ ತಳ ಬೆಳ್ಳಗೆ, ಗಟ್ಟಿಯಾಗಿದೆ. ಒಳ್ಳೆಯದಾ?

ಈಚಲುಪ್ರಿಯ: ಒಳ್ಳೆಯದೇ. ಮಳೆ ನೀರು ಒಳಗೆ ನಿಲ್ಲದ ಹಾಗೆ ನೋಡಿಕೊಳ್ಳಿ. ಹೊಸ ಸುಳಿ ಕಂಡರೆ ಅದಕ್ಕೂ ಪಕ್ಕದ ಗರಿಗೂ ಸೇರಿಸಿ ಮಾರ್ಕರ್‌ನಲ್ಲಿ ಅಡ್ಡಗೆರೆ ಎಳೆಯಿರಿ. ಸುಳಿಯ ಗೆರೆ ಮೇಲೆ ಹೋದರೆ ಮರ ಬದುಕಿದೆ.

ಮಲೆನಾಡಮಾಣಿ: ಡಲ್ಲಾಸ್‌ನವರೇ, ಕರಿಬೇವಿಗೆ ಹೀಟರ್ ಎಷ್ಟು ಡಿಗ್ರಿಗೆ ಇಟ್ಟಿದ್ದೀರಿ? ನಮ್ಮದು ಎಲ್ಲ ಎಲೆ ಉದುರಿಸಿದೆ.