ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಶೌಚಾಲಯದ ನೀರು ಇಳಿಯುತ್ತಿಲ್ಲ: ತಪ್ಪು ಪೈಪಿನದೋ, ಗುಂಡಿಯದೋ?

ಪ್ರಶ್ನೆ (ಮಾದಾಪುರದಿಂದ):
ಇಳಿಜಾರಿನಲ್ಲಿರುವ ನಮ್ಮ ಮನೆಯಲ್ಲಿ ನಾವು ನಾಲ್ವರಿದ್ದೇವೆ. ಬೇಸಿಗೆಯಲ್ಲಿ ಯಾವ ತೊಂದರೆಯೂ ಇರುವುದಿಲ್ಲ. ಕಕ್ಕಡದ ಮಳೆ ಹಿಡಿದು ವಾರ ಕಳೆಯುವಷ್ಟರಲ್ಲಿ ಶೌಚಾಲಯಕ್ಕೆ ಹಾಕಿದ ನೀರು ಗುಳುಗುಳು ಎನ್ನುತ್ತಾ ಮೇಲೆಯೇ ನಿಲ್ಲುತ್ತದೆ. ಪೈಪು ಕಟ್ಟಿರಬಹುದೆಂದು ಸರಳು ಹಾಕಿಸಿದೆವು, ಏನೂ ಸಿಗಲಿಲ್ಲ. 3000 ಲೀಟರಿನ ಸೆಪ್ಟಿಕ್ ಟ್ಯಾಂಕನ್ನು ಕಳೆದ ವಾರ ಖಾಲಿ ಮಾಡಿಸಿದರೆ ಎರಡೇ ದಿನಕ್ಕೆ ಮತ್ತೆ ತುಂಬಿತು. ಮೇಸ್ತ್ರಿಯವರು ಪೈಪನ್ನೆಲ್ಲ ಬದಲಿಸಬೇಕೆನ್ನುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಸೋಮವಾರಪೇಟೆಯಿಂದ):
ಪೈಪಿಗೆ ಹಣ ಹಾಕುವ ಮೊದಲು ಒಂದು ಲೆಕ್ಕ ನೋಡಿ. ತಲೆಗೆ ದಿನಕ್ಕೆ 135 ಲೀಟರು ಹಿಡಿದರೂ ನಾಲ್ವರಿಂದ ಎರಡು ದಿನಕ್ಕೆ ಹೋಗುವುದು 1080 ಲೀಟರು. ಉಳಿದದ್ದು ನಿಮ್ಮ ಮನೆಯ ನೀರಲ್ಲ. ಮಳೆ ಸುರಿಯುತ್ತಿರುವಾಗ ಎಲ್ಲ ನಲ್ಲಿಗಳನ್ನೂ ನಿಲ್ಲಿಸಿ, ಮನೆಯ ಪೈಪು ಟ್ಯಾಂಕಿಗೆ ಸೇರುವ ಮೊದಲು ಸಿಗುವ ಚೇಂಬರಿನ ಮುಚ್ಚಳ ತೆಗೆದು ನೋಡಿ. ಆಗಲೂ ನೀರು ಹರಿಯುತ್ತಿದ್ದರೆ ಛಾವಣಿಯ ಅಥವಾ ಅಂಗಳದ ನೀರು ಎಲ್ಲೋ ಒಳಗೆ ಸೇರುತ್ತಿದೆ ಎಂದೇ ಅರ್ಥ. ಚೇಂಬರು ಒಣಗಿದ್ದು ಟ್ಯಾಂಕು ಮಾತ್ರ ತುಂಬುತ್ತಿದ್ದರೆ ನೆಲದ ನೀರು ಗೋಡೆಯ ಬಿರುಕಿನಿಂದಲೋ, ಇಂಗುಗುಂಡಿಯಿಂದ (ಟ್ಯಾಂಕಿನಿಂದ ಹೊರಬಂದ ನೀರು ನೆಲಕ್ಕೆ ಇಂಗುವ ಗುಂಡಿ) ಹಿಮ್ಮುಖವಾಗಿಯೋ ಬರುತ್ತಿದೆ. ಅಂದ ಹಾಗೆ, ಹೊರಹೋಗುವ ಪೈಪಿನ ಮಟ್ಟದವರೆಗೆ ಟ್ಯಾಂಕು ಸದಾ ತುಂಬಿರುವುದು ಸಹಜ. ಅದಕ್ಕಿಂತ ಮೇಲೇರಿದರೆ ಮಾತ್ರ ಚಿಂತೆ.

ಉತ್ತರ 2 (ಮಡಿಕೇರಿಯಿಂದ):
ಮೇಲಿನವರ ಮಾತು ಸರಿ. ಜೋರು ಮಳೆಗಾಲದಲ್ಲಿ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸುವುದೇ ಅಪಾಯ, ಏಕೆಂದರೆ ಸುತ್ತಲಿನ ನೆಲದ ನೀರಿನ ಒತ್ತಡಕ್ಕೆ ಬರಿದಾದ ಟ್ಯಾಂಕು ಮೇಲೇಳಬಹುದು ಅಥವಾ ಸೀಳಬಹುದು. ಆ ಕೆಲಸವನ್ನು ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ, ಯಂತ್ರದಿಂದಲೇ ಮಾಡಿಸಿ. ಯಾರನ್ನೂ ಒಳಗೆ ಇಳಿಸಬೇಡಿ, ವಿಷಾನಿಲಕ್ಕೆ ಕ್ಷಣದಲ್ಲಿ ಪ್ರಾಣ ಹೋಗುತ್ತದೆ, ರಕ್ಷಣಾ ಸಾಧನಗಳಿಲ್ಲದೆ ಇಳಿಸುವುದನ್ನು 2013ರ ಕಾನೂನೂ ನಿಷೇಧಿಸಿದೆ. ಇನ್ನೊಂದು ಮಾತು: ಇಂಗುಗುಂಡಿ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿನಲ್ಲಿದೆಯೇ? 2018ರ ಆಗಸ್ಟಿನ ಭೂಕುಸಿತಗಳನ್ನು ನಿಮ್ಮ ಕಡೆಯವರಿಗೆ ನಾನು ನೆನಪಿಸಬೇಕಾಗಿಲ್ಲ. ತೊಯ್ದ ಮಣ್ಣಿನ ತಲೆಯ ಮೇಲೆ ದಿನವೂ ನೀರು ಇಂಗಿಸುವುದು ನನಗಂತೂ ಸರಿಕಾಣದು.

ಉತ್ತರ 3 (ವಿರಾಜಪೇಟೆಯಿಂದ):
ಕುಡಿಯುವ ನೀರಿನ ಬಗ್ಗೆ ಯಾರೂ ಕೇಳಲಿಲ್ಲವಲ್ಲ! ನೀರಿನ ಪೈಪು ಕೊಳಚೆ ಪೈಪಿನ ಪಕ್ಕದಲ್ಲೇ ಹೋಗುತ್ತಿದ್ದರೆ, ಸರಬರಾಜು ನಿಂತ ಹೊತ್ತಿನಲ್ಲಿ ಸಡಿಲವಾದ ಜೋಡಣೆಯ ಮೂಲಕ ಹೊರಗಿನ ಕೊಳಕನ್ನು ಒಳಗೆಳೆದುಕೊಳ್ಳಬಹುದು. ಎರಡೂ ಅಡ್ಡ ಹಾಯುವಲ್ಲಿ ನೀರಿನ ಪೈಪೇ ಮೇಲಿರಬೇಕು. ಬಾವಿ ಇದ್ದರೆ ಇಂಗುಗುಂಡಿಯಿಂದ ಕನಿಷ್ಠ 18 ಮೀಟರು ದೂರವಿರಲಿ. ಸರಿಪಡಿಸುವವರೆಗೆ ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ನಲ್ಲಿ ನಿಲ್ಲಿಸಿ ನೋಡಿದಾಗ ಚೇಂಬರಿನಲ್ಲಿ ನೀರು ಧಾರೆಯಾಗಿ ಹರಿಯುತ್ತಿತ್ತು. ಮನೆ ಕಟ್ಟುವಾಗ ಹಿಂಬದಿ ಛಾವಣಿಯ ಪೈಪನ್ನು ಅದಕ್ಕೇ ಜೋಡಿಸಿಬಿಟ್ಟಿದ್ದಾರೆ. ಅದನ್ನು ತಪ್ಪಿಸಿ ತೋಡಿಗೆ (ಮಳೆನೀರು ಹರಿಯುವ ಕಾಲುವೆಗೆ) ಬಿಟ್ಟ ಮೇಲೆ ಟ್ಯಾಂಕಿನ ಮಟ್ಟ ಗೇಣಿನಷ್ಟು ಇಳಿದಿದೆ, ಆದರೂ ಹೊರಹೋಗುವ ಪೈಪು ಇನ್ನೂ ಮುಳುಗಿಯೇ ಇದೆ. ಇಂಗುಗುಂಡಿ ಬರೆಯಿಂದ ಆರೇ ಅಡಿ ದೂರದಲ್ಲಿದೆ. ಬೇಸಿಗೆಯಲ್ಲಿ ಅದನ್ನು ಬೇರೆಡೆಗೆ ಬದಲಿಸುತ್ತೇವೆ.