ರೋಲ್ ತಡ, ಏಟಿಗೆ ತೂಕವಿಲ್ಲ: ತಪ್ಪು ಕಂಟ್ರೋಲರಿನದೋ, ಸೆಟ್ಟಿಂಗಿನದೋ, ಆಟದ್ದೋ?

ಕತ್ತಿಗುರಾಣಿ (ಪ್ರಶ್ನೆ)

ಪಿಸಿಯಲ್ಲಿ ಸೋಲ್ಸ್ ಜಾತಿಯ (ಡಾರ್ಕ್ ಸೋಲ್ಸ್ ತರದ) ಆಕ್ಷನ್ ಆರ್‌ಪಿಜಿ ಆಡ್ತಿದ್ದೀನಿ. ಸ್ಟೀಮ್ (ಪಿಸಿ ಆಟಗಳ ಅಂಗಡಿ) ಮೂಲಕ ಓಡ್ತಿದೆ, ಪರದೆ ಟಿವಿ, ಸೆಕೆಂಡಿಗೆ 60 ಫ್ರೇಮ್, ಅಲುಗಾಡಲ್ಲ. ಕಂಟ್ರೋಲರ್ ಬ್ಲೂಟೂತ್‌ನಲ್ಲಿ. ತೊಂದರೆಗಳ ಪಟ್ಟಿ:

ಸರ್ಕಲ್ ಒತ್ತಿ ಒಂದು ಗಳಿಗೆ ಕಳೆದ ಮೇಲೆ ರೋಲ್ (ಏಟು ತಪ್ಪಿಸಲು ಉರುಳೋದು) ಬರುತ್ತೆ. ಏಟು ತಿಂದಾಗ ಕೆಲವು ಸಲ ಬೇಡದ ಇನ್ನೊಂದು ರೋಲ್ ತಾನಾಗಿ ಬರುತ್ತೆ. ಮೆನುವಿನಲ್ಲಿ ಕೆಳಗೆ ಒಂದು ಸಲ ಒತ್ತಿದರೆ ಎರಡು ಸಾಲು ಇಳಿಯುತ್ತೆ. ಸ್ಟಿಕ್ ಸ್ವಲ್ಪ ತಳ್ಳಿದರೆ ಪಾತ್ರ ಕದಲೋದೇ ಇಲ್ಲ, ಇನ್ನೊಂಚೂರು ತಳ್ಳಿದರೆ ಓಟ. ನಡಿಗೆ ಅನ್ನೋದೇ ಸಿಗಲ್ಲ. ಎಲ್ಲಕ್ಕಿಂತ ಬೇಜಾರು, ದೊಡ್ಡ ಕತ್ತಿಯಲ್ಲಿ ಹೊಡೆದರೂ ಹತ್ತಿ ಮೂಟೆಗೆ ಗುದ್ದಿದ ಹಾಗಿದೆ.

ಹೊಸ ಕಂಟ್ರೋಲರ್ ತಗೊಂಡರೆ ಸರಿ ಹೋಗುತ್ತಾ?

ಮೂರನೇಫ್ರೇಮ್

ಸದ್ಯಕ್ಕೆ ಏನೂ ಕೊಳ್ಳಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ನೀವು ಹೇಳಿದ ಐದೂ ಬೇರೆ ಬೇರೆ ರೋಗ. ಒಂದೊಂದನ್ನೇ ಬಿಡಿಸಿಕೊಂಡು ಹೋಗಬೇಕು. ಎಲ್ಲ ಸೆಟ್ಟಿಂಗನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂದೇ ತಿಳಿಯುವುದಿಲ್ಲ.

ಮೊದಲು ಮೆನು, ಅದು ಸುಲಭ. ಒಂದೇ ಒತ್ತನ್ನು ಆಟ ಎರಡು ಸಲ ಓದುತ್ತಿದೆ. ಸರ್ಕಲ್ ಅಂದಿದ್ದೀರಿ, ಹಾಗಾದರೆ ಪ್ಲೇಸ್ಟೇಶನ್ನಿನ ಡ್ಯುಯಲ್‌ಶಾಕ್ ಅಥವಾ ಡ್ಯುಯಲ್‌ಸೆನ್ಸ್ ಇರಬೇಕು. ಕೆಲವು ಆಟಗಳು ಇವನ್ನು ನೇರವಾಗಿಯೇ ಓದುತ್ತವೆ. ಅದರ ಮೇಲೆ ಸ್ಟೀಮ್‌ನೊಳಗಿನ ಸ್ಟೀಮ್ ಇನ್‌ಪುಟ್ ಅಥವಾ ಡಿಎಸ್‌ಫೋರ್‌ವಿಂಡೋಸ್ ಎಂಬ ಬೇರೆ ಸಾಫ್ಟ್‌ವೇರ್ ಅದೇ ಪ್ಯಾಡನ್ನು ಎಕ್ಸ್‌ಬಾಕ್ಸ್ ಪ್ಯಾಡಿನ ವೇಷ ಹಾಕಿ ಇನ್ನೊಮ್ಮೆ ಕಳಿಸಿದರೆ ಆಟಕ್ಕೆ ಎರಡು ಪ್ಯಾಡ್ ಕಾಣುತ್ತವೆ. ಪರದೆಯ ಬಟನ್ ಚಿತ್ರಗಳು ಸರ್ಕಲ್, ಬಿ ಅಂತ ಆಗಾಗ ಬದಲಾಗುತ್ತಿದ್ದರೆ ಖಚಿತ.

ಮಾಡಬೇಕಾದ್ದು: ಡಿಎಸ್‌ಫೋರ್‌ವಿಂಡೋಸ್ ಓಡುತ್ತಿದ್ದರೆ ಪೂರ್ತಿ ಮುಚ್ಚಿ, ಟ್ರೇಯಲ್ಲೂ ಉಳಿಯಬಾರದು. ಸ್ಟೀಮ್ ಲೈಬ್ರರಿಯಲ್ಲಿ ಆಟದ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಟ್ರೋಲರ್. ಅಲ್ಲಿ ಆ ಆಟಕ್ಕೆ ಮಾತ್ರ ಸ್ಟೀಮ್ ಇನ್‌ಪುಟ್ ಡಿಸೇಬಲ್ ಮಾಡಿ ಆಟ ತೆರೆಯಿರಿ. ಪ್ಯಾಡ್ ಕೆಲಸ ಮಾಡಿದರೆ ಆಟ ಅದನ್ನು ನೇರವಾಗಿ ಓದುತ್ತಿದೆ ಎಂದರ್ಥ, ಹಾಗೆಯೇ ಬಿಡಿ. ಪ್ಯಾಡ್ ಸತ್ತಂತಿದ್ದರೆ ಆಟಕ್ಕೆ ಎಕ್ಸ್‌ಇನ್‌ಪುಟ್ (ಎಕ್ಸ್‌ಬಾಕ್ಸ್ ಪ್ಯಾಡಿನ ಭಾಷೆ) ಮಾತ್ರ ಗೊತ್ತು, ಮತ್ತೆ ಎನೇಬಲ್ ಮಾಡಿ. ಬಟನ್ ಬದಲಿಸುವ ಅನುಕೂಲಕ್ಕಾಗಿ ಡಿಎಸ್‌ಫೋರ್‌ವಿಂಡೋಸ್ ಬೇಕೇ ಬೇಕು ಅನ್ನುವವರು ಹಿಡ್‌ಹೈಡ್ ಹಾಕಿಕೊಂಡು ಅಸಲಿ ಪ್ಯಾಡನ್ನು ಆಟದ ಕಣ್ಣಿಗೆ ಬೀಳದಂತೆ ಮರೆ ಮಾಡಬೇಕು.

ಇನ್ನು ತಡ. ಕೀಬೋರ್ಡಿನಲ್ಲಿ ರೋಲ್ ಒತ್ತಿ ನೋಡಿ. ಅಲ್ಲೂ ಅಷ್ಟೇ ತಡವಾದರೆ ಕಂಟ್ರೋಲರ್ ನಿರಪರಾಧಿ. ತಡ ಇರುವುದು ಟಿವಿಯಲ್ಲಿ, ಗ್ರಾಫಿಕ್ಸ್ ಸಾಲಿನಲ್ಲಿ, ಇಲ್ಲವೇ ಆಟದಲ್ಲಿ. ಟಿವಿಯ ಗೇಮ್ ಮೋಡ್ ಆನ್ ಮಾಡಿ. ಕನ್ಸೋಲ್ ಹಾಕಿದಾಗ ತಾನೇ ಗೇಮ್ ಮೋಡಿಗೆ ಹೋಗುವ ಟಿವಿ ಪಿಸಿಗೆ ಹಾಗೆ ಹೋಗದೇ ಇರಬಹುದು, ಕೈಯಾರೆ ನೋಡಿ. ಚಿತ್ರವನ್ನು ನುಣುಪು ಮಾಡುವ ಮೋಶನ್ ಸೆಟ್ಟಿಂಗ್ ಆನ್ ಇದ್ದರೆ ಅದೊಂದೇ ಹಲವು ಫ್ರೇಮ್ ತಿನ್ನುತ್ತದೆ.

60 ಫ್ರೇಮಿನಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್. ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಡೀಫಾಲ್ಟಾಗಿ ಮೂರು ಫ್ರೇಮ್‌ವರೆಗೆ ಮುಂಗಡ ಸಾಲು ಕಟ್ಟಲು ಬಿಡುತ್ತದೆ. ವಿ-ಸಿಂಕ್ (ಫ್ರೇಮನ್ನು ಪರದೆಯ ಲಯಕ್ಕೆ ಹೊಂದಿಸುವುದು) ಹಾಕಿ ಆ ಸಾಲು ತುಂಬಿದರೆ 50 ಮಿಲಿಸೆಕೆಂಡ್ ಅಲ್ಲಿಗೇ ಹೋಯಿತು. ಆಟದಲ್ಲಿ ಎನ್‌ವಿಡಿಯಾದ ರಿಫ್ಲೆಕ್ಸ್ (ಆ ಸಾಲನ್ನು ಚಿಕ್ಕದಾಗಿಡುವ ಸೆಟ್ಟಿಂಗ್) ಇದ್ದರೆ ಆನ್ ಮಾಡಿ, ಇಲ್ಲದಿದ್ದರೆ ಗ್ರಾಫಿಕ್ಸ್ ಡ್ರೈವರಿನ ಲೋ ಲೇಟೆನ್ಸಿ ಮೋಡ್. ಫ್ರೇಮ್ ಜನರೇಶನ್ ಆಫ್ ಮಾಡಿ. ಅದು ನಡುವೆ ಒಂದು ಫ್ರೇಮ್ ಹೆಣೆಯಲು ಅಸಲಿ ಫ್ರೇಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೀಟರಿನಲ್ಲಿ ಅಂಕಿ ಏರುತ್ತದೆ, ಬೆರಳಿಗೆ ಮಾತ್ರ ತಡವಾಗುತ್ತದೆ.

ಬ್ಲೂಟೂತನ್ನು ಬೈಯುವುದು ರೂಢಿ. ಆದರೆ ಮೇಲಿನವುಗಳ ಮುಂದೆ ಅದರ ಪಾಲು ಚಿಕ್ಕದು. ಕೇಬಲ್ ಹಾಕಿ ಹೋಲಿಸಿ. ಅಡಾಪ್ಟರ್ ಪಿಸಿಯ ಹಿಂಬದಿ ಯುಎಸ್‌ಬಿ 3 ಪೋರ್ಟಿಗೆ ಅಂಟಿಕೊಂಡಿದ್ದರೆ ಒಂದು ಎಕ್ಸ್‌ಟೆನ್ಶನ್ ಕೇಬಲಿನಿಂದ ಮುಂದಕ್ಕೆ ತನ್ನಿ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್‌ಗೆ ತಾಗುತ್ತದೆ.

ಒದ್ದೆಕಡ್ಡಿ

ಮೇಲಿನವರು ಹೇಳಿದ್ದೆಲ್ಲ ಮಾಡಿ, ಟಿವಿಯನ್ನೂ ಬದಲಿಸಿ. ಆದರೂ ಈ ಜಾತಿಯ ಆಟದಲ್ಲಿ ರೋಲ್ ಒಂದಿಷ್ಟು ತಡವೇ. ಕಾರಣ ಸರಳ: ಒತ್ತಿ ಹಿಡಿದರೆ ಓಟ, ತಟ್ಟಿ ಬಿಟ್ಟರೆ ರೋಲ್, ಎರಡೂ ಒಂದೇ ಬಟನ್. ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಬೆರಳು ಎತ್ತುವವರೆಗೆ ಆಟಕ್ಕೆ ತಿಳಿಯಲ್ಲ. ಡಾರ್ಕ್ ಸೋಲ್ಸ್‌ನಿಂದ ಎಲ್ಡನ್ ರಿಂಗ್‌ವರೆಗೆ ರೋಲ್ ಹುಟ್ಟುವುದು ಬಟನ್ ಬಿಟ್ಟಾಗ, ಒತ್ತಿದಾಗ ಅಲ್ಲ.

ನಿಮ್ಮ ಆಟವೂ ಹಾಗೆಯೇ ಅಂತ ತಿಳಿಯಲು: ಸ್ಟಿಕ್ ಮುಂದಕ್ಕೆ ತಳ್ಳಿ, ಸರ್ಕಲ್ ಒಂದು ಸೆಕೆಂಡ್ ಹಿಡಿಯಿರಿ. ರೋಲ್ ಆಗದೇ ಸೀದಾ ಓಡಿದರೆ ಇದೇ ಕಥೆ.

ಹೆದರಿಕೆಯಲ್ಲಿ ಬಟನ್ ಗಟ್ಟಿಯಾಗಿ ಒತ್ತುತ್ತೇವೆ, ಒತ್ತಿದ ಬೆರಳು ನಿಧಾನಕ್ಕೆ ಮೇಲೆ ಬರುತ್ತೆ. 120 ಮಿಲಿಸೆಕೆಂಡ್ ಹಿಡಿದರೆ ಏಳು ಫ್ರೇಮ್ ನೀರಿಗೆ. ಬಿಸಿ ಹೆಂಚು ಮುಟ್ಟಿದ ಹಾಗೆ ತಟ್ಟಿ ಬಿಡಬೇಕು. ಅದಾಗಲ್ಲ ಅಂದರೆ ಸ್ಟೀಮ್ ಇನ್‌ಪುಟ್‌ನಲ್ಲಿ ಆ ಬಟನ್ನಿನ ಆಕ್ಟಿವೇಟರನ್ನು (ಒತ್ತನ್ನು ಹೇಗೆ ಓದಬೇಕು ಅನ್ನೋ ಆಯ್ಕೆ) ರೆಗ್ಯುಲರ್ ಪ್ರೆಸ್ ಬದಲು ಸ್ಟಾರ್ಟ್ ಪ್ರೆಸ್ ಮಾಡಿ. ಬೆರಳು ತಾಗಿದ ಕ್ಷಣವೇ ಸ್ಟೀಮ್ ಒತ್ತಿ ಬಿಟ್ಟ ಹಾಗೆ ಕಳಿಸುತ್ತೆ. ಒತ್ತು ಆಟದ ಗಮನಕ್ಕೇ ಬರದಷ್ಟು ಚಿಕ್ಕದಾದರೆ ಫೈರ್ ಎಂಡ್ ಡಿಲೇ 30–40 ಮಿಲಿಸೆಕೆಂಡಿಗೆ ಏರಿಸಿ. ಆಮೇಲೆ ಈ ಬಟನ್ನಿನಿಂದ ಓಡಲಾಗದು, ಓಟಕ್ಕೆ ಬೇರೆ ಜಾಗ ಬೇಕು. ಹಿಂಬದಿ ಪ್ಯಾಡಲ್ ಇರುವ ಕಂಟ್ರೋಲರಿಗೆ ಬೆಲೆ ಬರೋದು ಇಲ್ಲೇ: ಓಟ ಪ್ಯಾಡಲಿಗೆ ಹೋದರೆ ಬಲ ಹೆಬ್ಬೆರಳು ಕ್ಯಾಮೆರಾ ಬಿಟ್ಟು ಬರಬೇಕಿಲ್ಲ. ಸ್ಟೀಮ್ ಡೆಕ್‌ನಲ್ಲಿ ಹಿಂದೆ ನಾಲ್ಕು ಬಟನ್ ಇವೆ, ಎಷ್ಟೋ ಜನ ಮುಟ್ಟೋದೇ ಇಲ್ಲ.

ತಾನಾಗಿ ಬರುವ ರೋಲ್ ನಿಮ್ಮದೇ, ದೆವ್ವದ್ದಲ್ಲ. ಏಟು ತಿಂದು ತತ್ತರಿಸುವಾಗಲೋ ಕತ್ತಿ ಬೀಸಿ ಕೈ ಹಿಂದಕ್ಕೆ ಬರುವಾಗಲೋ ಒತ್ತಿದ್ದನ್ನು ಆಟ ಜೇಬಿನಲ್ಲಿಟ್ಟುಕೊಂಡು, ಪಾತ್ರ ಬಿಡುವಾದ ಮೊದಲ ಫ್ರೇಮಿಗೆ ಖರ್ಚು ಮಾಡುತ್ತೆ. ಇದಕ್ಕೆ ಇನ್‌ಪುಟ್ ಬಫರ್ ಅಂತ ಹೆಸರು. ಗಾಬರಿಯಲ್ಲಿ ಮೂರು ಸಲ ಒತ್ತಿದರೆ ಒಂದು ರೋಲ್ ಈಗ, ಇನ್ನೊಂದು ಬಾಸ್‌ನ ಎರಡನೇ ಏಟಿಗೆ ಸರಿಯಾಗಿ ಎದುರು. ಒಂದು ಏಟಿಗೆ ಒಂದೇ ಒತ್ತು. ಸೆಕಿರೊದಲ್ಲಂತೂ ಎಲ್1 ಬಡಬಡ ಬಡಿದರೆ ಡಿಫ್ಲೆಕ್ಟ್ (ಕತ್ತಿಯಿಂದ ಏಟನ್ನು ತಟ್ಟಿ ಹಾಕೋದು) ಮಾಡಲು ಸಿಗುವ ಸಮಯವೇ ಕಿರಿದಾಗುತ್ತೆ.

ಇನ್ನೊಂದು ವಿಷಯ. ರೋಲ್ ಸಮಯಕ್ಕೆ ಬಂದು ಕೂಡ ಏಟು ಬಿದ್ದರೆ ಅದು ತಡವಲ್ಲ, ಲೆಕ್ಕ. ಎಲ್ಡನ್ ರಿಂಗ್‌ನಲ್ಲಿ ತೊಟ್ಟ ಆಯುಧ, ಕವಚಗಳ ಹೊರೆ 70 ಶೇಕಡಾ ತಲುಪುವ ಮುಂಚೆ ಇಳಿಸಿ, ದಾಟಿದರೆ ಮೂಟೆ ಉರುಳಿದ ಹಾಗೆ ಉರುಳುತ್ತೆ. 30ಕ್ಕಿಂತ ಕಡಿಮೆ ಇದ್ದರೆ ದೂರ ಹೋಗುತ್ತೆ. ಡಾರ್ಕ್ ಸೋಲ್ಸ್ 2ರಲ್ಲಿ ಏಟು ತಾಗದ ಫ್ರೇಮ್‌ಗಳು ಅಜಿಲಿಟಿಗೆ ಕಟ್ಟಿವೆ, ಅದನ್ನು ಏರಿಸಲು ಅಡಾಪ್ಟಬಿಲಿಟಿಗೆ ಅಂಕ ಹಾಕಬೇಕು. ಇದು ತಿಳಿಯದೆ ಕಂಟ್ರೋಲರನ್ನು ಬೈದವರು ಲೆಕ್ಕವಿಲ್ಲ.

ಸೊನ್ನೆಬಿಂದು

ಸ್ಟಿಕ್ ವಿಷಯ ಯಾರೂ ಮುಟ್ಟಿಲ್ಲ.

ಮೈಕ್ರೋಸಾಫ್ಟ್‌ನ ಎಕ್ಸ್‌ಇನ್‌ಪುಟ್‌ನಲ್ಲಿ ಸ್ಟಿಕ್ಕಿನ ಅಳತೆ ಒಂದು ದಿಕ್ಕಿಗೆ 32767. ಅದರಲ್ಲೇ ಸೂಚಿಸಿರುವ ಡೆಡ್‌ಝೋನ್ (ತಳ್ಳಿದ್ದನ್ನು ಆಟ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ) ಎಡ ಸ್ಟಿಕ್ಕಿಗೆ 7849, ಬಲಕ್ಕೆ 8689. ಅಂದರೆ ಸುಮಾರು 24 ಮತ್ತು 26.5 ಶೇಕಡಾ. ಎಷ್ಟೋ ಆಟಗಳು ಆ ಅಂಕಿಯನ್ನೇ ಎತ್ತಿಕೊಂಡಿವೆ. ಸ್ಟಿಕ್ಕಿನ ಮೊದಲ ಕಾಲುಭಾಗ ಸತ್ತ ಜಾಗ. ಅದನ್ನು ದಾಟಿದ ಮೇಲೆ ಸೊನ್ನೆಯಿಂದ ಹೊಸದಾಗಿ ಅಳೆಯಬೇಕು. ಹಾಗೆ ಮಾಡದ ಆಟದಲ್ಲಿ ದಾಟಿದ ಕ್ಷಣವೇ 24ಕ್ಕೆ ಜಿಗಿಯುತ್ತದೆ. ಅದರ ಮೇಲೆ ಸ್ಟೀಮ್ ತನ್ನದೂ ಒಂದು ಡೆಡ್‌ಝೋನ್ ಹಾಕಿದರೆ ನಡಿಗೆಗೆ ಉಳಿಯುವುದು ಕೂದಲೆಳೆಯಷ್ಟು ಜಾಗ. ನಿಮ್ಮದು ಇದೇ.

ಎರಡರಲ್ಲಿ ಒಂದೇ ಡೆಡ್‌ಝೋನ್ ಇರಲಿ. ಆಟದಲ್ಲಿ ಸ್ಲೈಡರ್ ಇದ್ದರೆ ಸ್ಟೀಮ್‌ನದ್ದನ್ನು ಸೊನ್ನೆ ಮಾಡಿ. ಪ್ಯಾಡನ್ನು ಮೇಜಿನ ಮೇಲಿಟ್ಟು, ಸ್ಟಿಕ್ಕನ್ನು ನಾಲ್ಕು ದಿಕ್ಕಿಗೂ ತಳ್ಳಿ ಥಟ್ಟನೆ ಬಿಟ್ಟು, ಸ್ಟೀಮ್‌ನ ಪರೀಕ್ಷಾ ಪರದೆಯಲ್ಲಿ ಚುಕ್ಕೆ ಎಲ್ಲಿ ನಿಲ್ಲುತ್ತದೆ ನೋಡಿ. ಮಧ್ಯದಿಂದ ಅತಿ ದೂರ ನಿಂತದ್ದಕ್ಕೆ ಎರಡು ಮೂರು ಶೇಕಡಾ ಸೇರಿಸಿದರೆ ಅದೇ ನಿಮ್ಮ ಅಂಕಿ. ಹೊಸ ಪ್ಯಾಡಿಗೆ 5–8 ಸಾಕಾಗುತ್ತದೆ. 15 ದಾಟಿದರೆ ಒಳಗಿನ ಪೊಟೆನ್ಶಿಯೋಮೀಟರ್ ಸವೆದಿದೆ. ಹೊಸ ಕಂಟ್ರೋಲರಿನ ಮಾತು ಆಗ ಆಡಿ, ಅಯಸ್ಕಾಂತದಿಂದ ಅಳೆಯುವ ಹಾಲ್ ಎಫೆಕ್ಟ್ ಅಥವಾ ಟಿಎಂಆರ್ ಸ್ಟಿಕ್ ಇರುವುದನ್ನು ನೋಡಿ. ಅವುಗಳಲ್ಲಿ ಉಜ್ಜಿ ಸವೆಯುವ ಪಟ್ಟಿ ಇಲ್ಲ.

ಆಟದಲ್ಲಿ ಸ್ಲೈಡರೇ ಇಲ್ಲದಿದ್ದರೆ ಸ್ಟೀಮ್‌ನಲ್ಲಿ ಆಂಟಿ-ಡೆಡ್‌ಝೋನ್ (ಆಟದ ಸತ್ತ ಜಾಗವನ್ನು ಹಾರಿಸುವ ಸೆಟ್ಟಿಂಗ್) ಹಾಕಿ, 20ರಿಂದ ಶುರು ಮಾಡಿ ಒಂದೊಂದೇ ಏರಿಸಿ. ಸ್ಟಿಕ್ ಮುಟ್ಟದೆಯೇ ಪಾತ್ರ ತೆವಳಿದರೆ ಒಂದು ಹೆಜ್ಜೆ ಹಿಂದಕ್ಕೆ. ಡೆಡ್‌ಝೋನಿನ ಆಕಾರ ವೃತ್ತವೇ ಇರಲಿ. ಕ್ರಾಸ್ ಇದ್ದರೆ ಅಡ್ಡ, ನೆಟ್ಟಗೆ ಬೇರೆ ಬೇರೆ ಕತ್ತರಿಸಿ ಪಾತ್ರ ನಾಲ್ಕು ದಿಕ್ಕಿಗೆ ಅಂಟಿಕೊಳ್ಳುತ್ತದೆ, ಲಾಕ್-ಆನ್‌ನಲ್ಲಿ (ಕ್ಯಾಮೆರಾ ಒಬ್ಬ ಶತ್ರುವಿನ ಮೇಲೆ ನೆಟ್ಟಾಗ) ಸುತ್ತು ಹೊಡೆಯುವಾಗ ತಿಳಿಯುತ್ತದೆ.

ಭಾರಿ ಏಟು ಆರ್2ರಲ್ಲಿದ್ದರೆ ಟ್ರಿಗರನ್ನೂ ನೋಡಿ. ಎಕ್ಸ್‌ಇನ್‌ಪುಟ್ ಸೂಚಿಸುವ ಮಿತಿ 255ರಲ್ಲಿ 30, ಅಂದರೆ 12 ಶೇಕಡಾ. ಅರ್ಧದವರೆಗೆ ಎಳೆದರೂ ಏಟು ಹುಟ್ಟದಿದ್ದರೆ ಸ್ಟೀಮ್‌ನಲ್ಲಿ ಮಿತಿಯನ್ನು ಇಳಿಸಿ. ತೀರಾ ಇಳಿಸಿದರೆ ಬೆರಳು ಇಟ್ಟರೆ ಸಾಕು, ಸ್ಟ್ಯಾಮಿನಾ ಖಾಲಿ.

ಕತ್ತಿಗುರಾಣಿ

ಮೆನು ಸರಿಯಾಯ್ತು, ಸ್ಟೀಮ್ ಇನ್‌ಪುಟ್ ಆಫ್ ಮಾಡಿದರೂ ಪ್ಯಾಡ್ ಓಡ್ತಿದೆ. ಒಂದು ಸೆಕೆಂಡ್ ಪರೀಕ್ಷೆಯಲ್ಲಿ ಪಾತ್ರ ಓಡಿತು, ಅಂದರೆ ಬಿಟ್ಟಾಗಲೇ ರೋಲ್. ಆದರೆ ಸ್ಟಾರ್ಟ್ ಪ್ರೆಸ್ ಬೇಕು ಅಂದರೆ ಸ್ಟೀಮ್ ಇನ್‌ಪುಟ್ ಮತ್ತೆ ಆನ್ ಆಗಬೇಕಲ್ಲ? ಹತ್ತಿ ಮೂಟೆ ಹಾಗೇ ಇದೆ. ಬ್ಲೂಟೂತ್ ಹೆಡ್‌ಫೋನ್ ಹಾಕ್ಕೊಂಡು ಆಡೋದು, ಅದೂ ಹೇಳಿಬಿಡ್ತೀನಿ.

ಮೂರನೇಫ್ರೇಮ್

ಹೌದು, ಎರಡರಲ್ಲಿ ಒಂದು. ಆನ್ ಮಾಡಿದಾಗ ಮೆನು ಮತ್ತೆ ಎರಡೆರಡು ಇಳಿದರೆ ಆಟದ ಸೆಟ್ಟಿಂಗಿನಲ್ಲಿ ಪ್ಲೇಸ್ಟೇಶನ್ ಪ್ಯಾಡನ್ನು ನೇರ ಓದುವ ಆಯ್ಕೆ ಇದೆಯೇ ಹುಡುಕಿ ಆಫ್ ಮಾಡಿ. ಇಲ್ಲದಿದ್ದರೆ ಬೆರಳನ್ನೇ ಪಳಗಿಸಿ.

ಗುದ್ದುಗುಮ್ಮಟ

ಹೆಡ್‌ಫೋನ್! ಅದನ್ನು ಮೊದಲೇ ಹೇಳಬಾರದಿತ್ತೇ ಗುರು.

ಏಟಿನ ತೂಕ ಮೂರು ಕಡೆಯಿಂದ ಬರುತ್ತೆ: ಕಣ್ಣು, ಕಿವಿ, ಅಂಗೈ. ಮೂರೂ ಒಂದೇ ಗಳಿಗೆಗೆ ಬಂದರೆ ಕತ್ತಿ ಮೂಳೆಗೆ ತಾಗಿತು ಅನ್ನಿಸುತ್ತೆ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ ಶಬ್ದ 100 ಮಿಲಿಸೆಕೆಂಡಿಗೂ ಮೀರಿ ತಡ. ವಿಡಿಯೊ ನೋಡುವಾಗ ಆ್ಯಪ್ ಚಿತ್ರವನ್ನೂ ಅಷ್ಟೇ ತಡಮಾಡಿ ಹೊಂದಿಸುತ್ತೆ, ಆಟದಲ್ಲಿ ಅದಾಗಲ್ಲ. ಕತ್ತಿ ತಾಗಿ ಆರು ಫ್ರೇಮ್ ಆದ ಮೇಲೆ ಠಣ್ ಅಂದರೆ ಮಿದುಳು ಅದನ್ನು ಆ ಏಟಿಗೆ ಸೇರಿಸಲ್ಲ. ವೈರ್ ಹೆಡ್‌ಫೋನ್ ಅಥವಾ ಯುಎಸ್‌ಬಿ ಡಾಂಗಲ್ ಇರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್ ಹಾಕಿ. ಪ್ಯಾರಿ (ಏಟನ್ನು ಸರಿಯಾದ ಗಳಿಗೆಗೆ ತಟ್ಟಿ ಹಾಕೋದು) ಮಾಡುವವರಿಗಂತೂ ಅರ್ಧ ಸುಳಿವು ಸಿಗೋದೇ ಕಿವಿಯಿಂದ.

ಅಂಗೈ: ಎಕ್ಸ್‌ಇನ್‌ಪುಟ್‌ನಲ್ಲಿ ಎರಡು ಮೋಟರ್, ಎಡದ್ದು ಗುಡುಗುಡು, ಬಲದ್ದು ಸಣ್ಣ ಝುಮ್. ಡ್ಯುಯಲ್‌ಸೆನ್ಸ್‌ನ ಹ್ಯಾಪ್ಟಿಕ್ಸ್ (ನವಿರಾದ ಕಂಪನ) ಬೇರೆ ಜಾತಿ, ಕೇಬಲ್ ಹಾಕಿದಾಗ ಅದು ಪಿಸಿಗೆ ನಾಲ್ಕು ಚಾನಲ್ಲಿನ ಸೌಂಡ್ ಕಾರ್ಡಿನ ಹಾಗೆ ಕಾಣುತ್ತೆ, ಆಟ ಅದಕ್ಕೆ ಶಬ್ದದಂತೆಯೇ ಕಂಪನ ಕಳಿಸುತ್ತೆ. ಹಾಗಾಗಿ ಪಿಸಿಯ ಹೆಚ್ಚಿನ ಆಟಗಳಲ್ಲಿ ಬ್ಲೂಟೂತ್‌ನಲ್ಲಿ ಬರೀ ಗುಡುಗುಡು. ಕೇಬಲ್ ಹಾಕಿ, ಸ್ಟೀಮ್ ಇನ್‌ಪುಟ್ ಆಫ್ ಇರಲಿ. ಕೇಬಲ್ ಹಾಕಿದ ತಕ್ಷಣ ಟಿವಿಯ ಶಬ್ದ ಮಾಯವಾದರೆ ಗಾಬರಿ ಬೇಡ, ವಿಂಡೋಸ್ ಪ್ಯಾಡನ್ನೇ ಸ್ಪೀಕರ್ ಅಂದುಕೊಂಡಿದೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ವಾಪಸ್ ಟಿವಿಗೆ ಕೊಡಿ. ಪ್ಯಾಡನ್ನು ಡಿಸೇಬಲ್ ಮಾಡಬೇಡಿ, ಹ್ಯಾಪ್ಟಿಕ್ಸೂ ಜೊತೆಗೇ ಹೋಗುತ್ತೆ.

ಕಣ್ಣು: ಕತ್ತಿ ತಾಗಿದಾಗ ಇಬ್ಬರೂ ಕೆಲವೇ ಫ್ರೇಮ್ ಗಕ್ಕನೆ ನಿಲ್ಲುವುದೇ ಹಿಟ್‌ಸ್ಟಾಪ್. ಮಾನ್‌ಸ್ಟರ್ ಹಂಟರ್‌ನ ಗ್ರೇಟ್ ಸ್ವೋರ್ಡ್‌ನಲ್ಲಿ ಇದು ಕಣ್ಣಿಗೆ ಹೊಡೆಯುವಷ್ಟಿದೆ. ನಿಮ್ಮ ಆಟದಲ್ಲಿ ಅದನ್ನು ಇಟ್ಟೇ ಇಲ್ಲದಿದ್ದರೆ ಸೆಟ್ಟಿಂಗಿನಿಂದ ತರಲಾಗದು. ಅದು ಮಾಡಿದವರ ಆಯ್ಕೆ, ನನ್ನ ಪ್ರಕಾರ ಕೆಟ್ಟ ಆಯ್ಕೆ.

ಕತ್ತಿಗುರಾಣಿ

ವೈರ್ ಹೆಡ್‌ಫೋನ್ ಹಾಕಿದೆ, ಅರ್ಧಕ್ಕರ್ಧ ವ್ಯತ್ಯಾಸ. ಕೊನೇ ಪ್ರಶ್ನೆ: ಮೇಲಿನಿಂದ ನೋಡುವ ಡಯಾಬ್ಲೊ ತರದವಕ್ಕೆ ಕಂಟ್ರೋಲರ್ ಸರಿಯೇ, ಮೌಸೇ?

ಸೊನ್ನೆಬಿಂದು

ಬಿಲ್ಡ್ (ಪಾತ್ರಕ್ಕೆ ಆರಿಸಿದ ಸ್ಕಿಲ್‌ಗಳ ಜೋಡಣೆ) ನೋಡಿ ಹೇಳಬೇಕು. ಡಯಾಬ್ಲೊ 3 ಪಿಸಿಯಲ್ಲಿ ಕಂಟ್ರೋಲರಿಗೆ ಜಾಗವೇ ಇಲ್ಲ. ಕನ್ಸೋಲಿನಲ್ಲಿ ಮಾತ್ರ ಬಲ ಸ್ಟಿಕ್ಕಿನಿಂದ ಉರುಳಿ ತಪ್ಪಿಸಿಕೊಳ್ಳುವುದು ಬಂತು. 2023ರ ಡಯಾಬ್ಲೊ 4 ಪಿಸಿಯಲ್ಲೂ ಕಂಟ್ರೋಲರ್ ಓದುತ್ತದೆ. ಡಿಸೆಂಬರ್ 2024ರಲ್ಲಿ ಅರ್ಲಿ ಆಕ್ಸೆಸ್‌ಗೆ ಬಂದ ಪಾತ್ ಆಫ್ ಎಕ್ಸೈಲ್ 2ರಲ್ಲಿ ರೋಲೂ ಇದೆ, ಕೀಬೋರ್ಡಿನ ಡಬ್ಲ್ಯುಎಎಸ್‌ಡಿ ನಡಿಗೆಯೂ ಇದೆ.

ಪ್ಯಾಡಿನಲ್ಲಿ ಕರ್ಸರ್ ಇಲ್ಲ, ಸ್ಟಿಕ್ ತೋರಿದ ದಿಕ್ಕಿನಲ್ಲಿ ಯಾರಿಗೆ ಹೊಡೆಯಬೇಕೆಂದು ಆಟವೇ ಆರಿಸುತ್ತದೆ. ಸುತ್ತಲೂ ಬೀಸುವ, ನೇರ ಮುಂದಕ್ಕೆ ಹೋಗುವ ಸ್ಕಿಲ್‌ಗಳಿಗೆ ಪ್ಯಾಡ್ ಹಾಯೆನಿಸುತ್ತದೆ. ಗುಂಪಿನ ಹಿಂದೆ ನಿಂತ ಒಬ್ಬನ ಕಾಲಬುಡಕ್ಕೇ ಬೀಳಿಸಬೇಕಾದ ಸ್ಕಿಲ್ ಇದ್ದರೆ ಮೌಸ್ ಹಿಡಿಯಿರಿ. ಗೈರೊವನ್ನು (ಪ್ಯಾಡ್ ಅಲುಗಿದ್ದನ್ನು ತಿಳಿಯುವ ಸೆನ್ಸರ್) ಮೌಸ್ ಆಗಿ ಸೇರಿಸುವ ಉಪಾಯವೂ ಇದೆ, ಆದರೆ ಮೌಸ್, ಪ್ಯಾಡ್ ಎರಡನ್ನೂ ಒಟ್ಟಿಗೆ ಒಪ್ಪದ ಆಟದಲ್ಲಿ ಪ್ರತಿ ಸಲ ಕೈ ಅಲುಗಿದಾಗಲೂ ಬಟನ್ ಚಿತ್ರಗಳು ಮಿನುಗುತ್ತವೆ, ನಡಿಗೆ ತಡವರಿಸುತ್ತದೆ. ಆಗ ಗೈರೊದ ಔಟ್‌ಪುಟನ್ನು ಮೌಸಿನಿಂದ ಬಲ ಸ್ಟಿಕ್ಕಿಗೆ ಬದಲಿಸಿ.