ಓದುಗರ ಸ್ಪಂದನ: ಯಾರನ್ನೂ ನಂಬದ ಮಗ

ಕಳೆದ ವಾರದ ಸಮಸ್ಯೆ: ನಾವು ಮಲ್ಪೆಯವರು. ಮಗನಿಗೆ 19 ವರ್ಷ, ಮಂಗಳೂರಿನಲ್ಲಿ ಬಿಕಾಂ ಓದುತ್ತಿದ್ದಾನೆ. ಅವನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಯಜಮಾನರು ಸ್ನೇಹಿತರೊಬ್ಬರ ಸಾಲಕ್ಕೆ ಜಾಮೀನು ನಿಂತರು. ಕೊನೆಗೆ ಮೀನುಗಾರಿಕೆ ಬೋಟಿನಲ್ಲಿದ್ದ ನಮ್ಮ ಪಾಲನ್ನೇ ಮಾರಬೇಕಾಯಿತು. ಈಗ ಅವರು ಬೇರೆಯವರ ಬೋಟಿಗೆ ದುಡಿಯಲು ಹೋಗುತ್ತಾರೆ. ಮಗ ಯಾರನ್ನೂ ನಂಬುವುದಿಲ್ಲ. ಯಾರಾದರೂ ಉಪಕಾರ ಮಾಡಿದರೆ ‘ಇವರಿಗೆ ನಮ್ಮಿಂದ ಏನಾಗಬೇಕಂತೆ?’ ಅನ್ನುತ್ತಾನೆ. ಗೆಳೆಯರಿಲ್ಲ. ಅಪ್ಪನ ಜೊತೆ ಮಾತಿಲ್ಲ. ಎಷ್ಟು ಬುದ್ಧಿ ಹೇಳಿದರೂ ಕೇಳುತ್ತಿಲ್ಲ. ಏನು ಮಾಡಲಿ?

ತಂಗೀ, ಮಗನ ಸ್ವಭಾವವೇ ಕೆಟ್ಟಿದೆ ಅಂದುಕೊಳ್ಳಬೇಡಿ. ಹನ್ನೆರಡು ವರ್ಷದ ಹುಡುಗನಿಗೆ ಜಾಮೀನು ಪತ್ರ ಅರ್ಥವಾಗದು. ಆದರೆ ಬೇರೆಯದೆಲ್ಲ ಕಣ್ಣಿಗೆ ಬೀಳುತ್ತದೆ. ದಿನಾ ಚಾ ಕುಡಿಯಲು ಬರುತ್ತಿದ್ದವರು ಬರುವುದು ನಿಲ್ಲಿಸಿದ್ದು, ಫೋನ್ ಬಂದಾಗ ‘ಅಪ್ಪ ಮನೆಯಲ್ಲಿಲ್ಲ ಅಂತ ಹೇಳು’ ಅಂದದ್ದು, ಮದುವೆ ಮನೆಯಲ್ಲಿ ನೆಂಟರು ಮುಖ ತಿರುಗಿಸಿದ್ದು. ಸಾಲ ಮೈಮೇಲೆ ಬಿದ್ದ ಮನೆಗಳಲ್ಲಿ ನಾನು ಕಂಡದ್ದು ಇದು. ‘ನಂಬಿದರೆ ಕೆಟ್ಟೆ’ ಅಂತ ಅವನು ಆಗ ಕಲಿತ. ಆ ಹೊತ್ತಿಗೆ ಅದು ಸರಿಯೇ ಆಗಿತ್ತು. ಅಪ್ಪ ಕಷ್ಟಪಟ್ಟದ್ದನ್ನು ಕಣ್ಣಾರೆ ಕಂಡವನಿಗೆ ‘ಎಲ್ಲರೂ ಹಾಗಿರುವುದಿಲ್ಲ ಮಗಾ’ ಅಂತ ಸುಮ್ನೆ ಬಾಯಲ್ಲಿ ಹೇಳಿದರೆ ನಾಟುತ್ತದಾ? ಅನುಭವದಿಂದ ಬಂದ ನಂಬಿಕೆ ಬದಲಾಗಲು ಇನ್ನೊಂದು ಅನುಭವವೇ ಬೇಕು.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಮನೆಯಲ್ಲಿ ಕುಡಿತ, ಹೊಡೆತ. ಯಾರು ಹತ್ತಿರ ಬಂದರೂ ಮೊದಲು ಅವರ ಕೈ ನೋಡುತ್ತಿದ್ದ. ಬ್ಯಾಗನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂರುತ್ತಿದ್ದ. ನಮ್ಮ ಪಿ.ಟಿ. ಮಾಸ್ಟ್ರು ಅವನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಆಟದ ಸಾಮಾನಿನ ಕೋಣೆಯ ಕೀಲಿ ಕೊಟ್ಟರು. ಸಂಜೆ ಬಾಲ್, ನೆಟ್ ಎಣಿಸಿ ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಒಮ್ಮೆ ಒಂದು ವಾಲಿಬಾಲ್ ಕಮ್ಮಿ ಬಂತು. ಹುಡುಗ ಹೆದರಿ ಬಿಳಿಚಿಕೊಂಡಿದ್ದ. ಮಾಸ್ಟ್ರು ಬೈಯಲಿಲ್ಲ, ಕೀಲಿ ವಾಪಸ್ ಕೇಳಲೂ ಇಲ್ಲ. ಇಬ್ಬರೂ ಸೇರಿ ಹುಡುಕಿದರು. ಬ್ಯಾಗು ತೊಡೆಯಿಂದ ಕೆಳಗಿಳಿಯಲು ಮತ್ತೆ ವರ್ಷವೇ ಹಿಡಿಯಿತು ಅನ್ನಿ.

ನಿಮ್ಮವನು ಬಿಕಾಂ ಹುಡುಗ. ಅಷ್ಟಮಿಯ ಹುಲಿವೇಷದ ತಂಡಕ್ಕೋ ಊರಿನ ಭಜನಾ ಮಂದಿರಕ್ಕೋ ಲೆಕ್ಕ ಬರೆಯುವವರು ಬೇಕೇ ಬೇಕು. ಅಲ್ಲಿ ನಿಮಗೆ ಗೊತ್ತಿರುವ ಒಳ್ಳೆಯ ಹಿರಿಯರಿದ್ದರೆ, ಅವರೇ ಇವನನ್ನು ಕರೆಯಲಿ. ಪ್ರತಿಯೊಂದಕ್ಕೂ ರಶೀದಿ ಕೇಳುತ್ತಾನೆ, ಕೇಳಲಿ. ಲೆಕ್ಕ ಬರೆಯುವವನಿಗೆ ಅದು ಒಳ್ಳೆಯ ಗುಣವೇ.
– ನಿವೃತ್ತ ಶಿಕ್ಷಕಿ, ಬ್ರಹ್ಮಾವರ

ಅಮ್ಮಾ, ನನಗೆ 24 ವರ್ಷ. ಅಪ್ಪ ಕೆಲಸ ಕಳೆದುಕೊಂಡು ಗಲ್ಫಿನಿಂದ ಬಂದಾಗ ನಾನು ಎಂಟನೇ ಕ್ಲಾಸು. ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ. ಹಾಗಾಗಿ ನಾನೇ ಒಂದು ಕಥೆ ಕಟ್ಟಿಕೊಂಡೆ. ಅದು ನಿಜಕ್ಕಿಂತ ಜಾಸ್ತಿ ಕೆಟ್ಟದಾಗಿತ್ತು. ಎಷ್ಟೋ ಸಮಯದ ಮೇಲೆ ಅಪ್ಪ ಕೂರಿಸಿಕೊಂಡು ಎಲ್ಲ ಹೇಳಿದರು: ಎಷ್ಟು ಸಾಲ, ಹೇಗೆ ತೀರಿಸಿದ್ದು, ಯಾರು ಕೈಬಿಟ್ಟದ್ದು. ಬಡ್ಡಿಯಿಲ್ಲದೆ ದುಡ್ಡು ಕೊಟ್ಟ ಚಿಕ್ಕಪ್ಪ ಒಬ್ಬರಿದ್ದರು ಅಂತ ಆಗಲೇ ನನಗೆ ಗೊತ್ತಾದದ್ದು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗ ನಿಮ್ಮ ಮಗನ ಅಪ್ಪ ಮನೆಯಲ್ಲಿರುತ್ತಾರೆ ಅಲ್ವಾ? ಅವರೇ ಮಾತಾಡಲಿ. ಸಮರ್ಥನೆ ಬೇಡ, ನಡೆದದ್ದು ಹೇಳಿದರೆ ಸಾಕು. ‘ಅಪ್ಪನ ಹಾಗೆ ಮೋಸ ಹೋಗಬೇಡ’ ಅನ್ನುವ ಮಾತು ಮನೆಯಲ್ಲಿ ಓಡಾಡುತ್ತಿದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ.
– ಓದುಗ, ಸುರತ್ಕಲ್

ಬಾಲ್ಯದ ಪೆಟ್ಟು ಕೊನೆವರೆಗೂ ಹೋಗದು ಎಂಬ ಭಯ ಬೇಡ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬೆಳವಣಿಗೆಯನ್ನು ಮನಃಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳ ಹೀಗೆ ಹಲವು ಕಷ್ಟ ಒಟ್ಟಿಗೆ ಕಂಡ ಮಕ್ಕಳಲ್ಲೂ ಸುಮಾರು ಮೂರರಲ್ಲೊಂದು ಪಾಲು ಚೆನ್ನಾಗಿಯೇ ಬೆಳೆದರು. ಅಂಥವರಿಗೆ ಆಸರೆಯಾದದ್ದರಲ್ಲಿ ಮುಖ್ಯವಾದದ್ದು ಕೈಬಿಡದ ಒಬ್ಬ ಹಿರಿಯರು. ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ.

ಒಂದು ಎಚ್ಚರಿಕೆ ಇರಲಿ. ಮಗ ನಿದ್ದೆ, ಊಟ ಬಿಟ್ಟರೆ, ಕಾಲೇಜಿಗೆ ಹೋಗುವುದನ್ನೇ ನಿಲ್ಲಿಸಿದರೆ, ಅಥವಾ ತನಗೆ ಕೇಡು ಮಾಡಲು ಯಾರೋ ಹಿಂದೆ ಬಿದ್ದಿದ್ದಾರೆ ಎಂದರೆ ತಡ ಮಾಡದೆ ಮನೋವೈದ್ಯರಿಗೆ ತೋರಿಸಿ. ಮಾನಸಿಕ ಆರೋಗ್ಯಕ್ಕಾಗಿ ಇರುವ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅವನು ಒಪ್ಪದಿದ್ದರೆ ಮೊದಲು ನೀವೇ ಕರೆ ಮಾಡಿ ಕೇಳಿ.
– ಆಪ್ತಸಲಹೆಗಾರ್ತಿ, ಮಣಿಪಾಲ